ಹರಿಗೋಲು ಒಂದೇ, ನೀರು ಬೇರೆ ಬೇರೆ: ಭೀಮಾ ದಡದಲ್ಲಿ ನಿಂತು ಮೀನುಗಾರಿಕೆ ಕಾನೂನು ಓದಿದಾಗ

ಮೇ ತಿಂಗಳ ಕೊನೆ. ಅಫಜಲಪುರ ತಾಲೂಕಿನ ಭೀಮಾ ದಡ. ನೀರು ಬಹಳ ಇಳಿದಿತ್ತು. ಹರಿಗೋಲನ್ನು ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದ ಮುತ್ಯಾ ಒಬ್ಬರು ನನ್ನನ್ನು ಕರೆದು ಮೊಬೈಲ್ ಮುಂದೆ ಹಿಡಿದರು. ಮೊಮ್ಮಗ ಕಳಿಸಿದ ವಾಟ್ಸಾಪ್ ಸುದ್ದಿ. ಜೂನ್ 1ರಿಂದ 61 ದಿನ ಮೀನುಗಾರಿಕೆ ಬಂದ್, 10 ಅಶ್ವಶಕ್ತಿಗಿಂತ ಜಾಸ್ತಿ ಎಂಜಿನ್ ಇರುವ ದೋಣಿ ನೀರಿಗಿಳಿಯುವಂತಿಲ್ಲ ಅಂತ ಅದರಲ್ಲಿತ್ತು.

"ತಮ್ಮಾ, ನಮ್ಮ ಹರಗೋಲಿಗಿ ಇಂಜಿನ್ನೇ ಇಲ್ಲ. ಹಂಗಾದ್ರ ನಾವು ಮಳಿಗಾಲ್ದಾಗ ಹೋಗಬೋದಲ್ಲ?"

ಸುದ್ದಿ ಖರೆಯೇ. ಆದರೆ ಅದು ಮಂಗಳೂರು, ಮಲ್ಪೆ, ಕಾರವಾರದ ಸುದ್ದಿ. ಜೂನ್ 1ರಿಂದ ಜುಲೈ 31ರವರೆಗಿನ ಆ ನಿಷೇಧ ಕಡಲಿನದ್ದು. ಎಂಜಿನ್ ಲೆಕ್ಕವೂ ಕಡಲ ದೋಣಿಗಳದ್ದೇ. ಭೀಮೆಗೆ ಅದು ಲಾಗೂ ಆಗುವುದಿಲ್ಲ. ಹಾಗಂತ ಮಳೆಗಾಲದಲ್ಲಿ ಭೀಮೆಗೆ ಬಲೆ ಹಾಕಬಹುದು ಅಂತಲೂ ಅಲ್ಲ. ಇಲ್ಲಿಯ ನಿಯಮ ಬೇರೆ, ಅದರ ಕಾರಣ ಬೇರೆ, ಅದು ಬರೆದಿರುವ ಕಾಗದವೂ ಬೇರೆ.

ನಮ್ಮ ಭಾಗದ ಮೀನುಗಾರರಿಗೆ ಇದೇ ದೊಡ್ಡ ತಲೆನೋವು. ಟಿವಿಯಲ್ಲಿ, ಮೊಬೈಲ್‌ನಲ್ಲಿ ಬರುವ ಮೀನುಗಾರಿಕೆ ಸುದ್ದಿಯಲ್ಲಿ ಮುಕ್ಕಾಲು ಪಾಲು ಕರಾವಳಿಯದ್ದು. ಕಲಬುರಗಿ, ಯಾದಗಿರಿ, ಬೀದರಿನ ಹರಿಗೋಲಿನವರಿಗೆ ಬೇಕಾದದ್ದು ಹೆಚ್ಚಾಗಿ ತಾಲೂಕು ಕಚೇರಿಯ ನೋಟಿಸ್ ಬೋರ್ಡಿನ ಮೇಲೆ ಮಾಸಿಹೋಗಿರುತ್ತದೆ. ಇದರಲ್ಲಿ ಒಂದು ತಮಾಷೆಯೂ ಇದೆ. ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ನಮ್ಮ ಬೀದರಿನಲ್ಲೇ. ಅದರ ಮೀನುಗಾರಿಕೆ ಕಾಲೇಜು ಇರುವುದು ಮಂಗಳೂರಿನಲ್ಲಿ.

ಮೊದಲು ಕೇಳಬೇಕಾದ ಪ್ರಶ್ನೆ

'ಈಗಿನ ರೂಲ್ಸ್ ಏನು?' ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ್ದು 'ಇದು ಯಾವ ನೀರು?' ಅಂತ. ಅದೇ ಹರಿಗೋಲು, ಅದೇ ಬಲೆ, ಅದೇ ಮನುಷ್ಯ. ಹೊಳೆಯಲ್ಲಿ ಒಂದು ನಿಯಮ, ಡ್ಯಾಮಿನ ಹಿನ್ನೀರಲ್ಲಿ ಇನ್ನೊಂದು, ಊರ ಕೆರೆಯಲ್ಲಿ ಮತ್ತೊಂದು. ಇದು ಒಮ್ಮೆ ತಲೆಗೆ ಹೋದರೆ ಉಳಿದದ್ದು ಅಷ್ಟು ಕಷ್ಟವಲ್ಲ.

ಬುಡದಿಂದ ಶುರು ಮಾಡೋಣ. ಸಂವಿಧಾನದಲ್ಲಿ ಮೀನುಗಾರಿಕೆ ರಾಜ್ಯಗಳ ಪಟ್ಟಿಯಲ್ಲಿದೆ, 21ನೇ ನಮೂದು. ದೂರದ ಕಡಲಿನ ಮೀನುಗಾರಿಕೆ ಮಾತ್ರ ಕೇಂದ್ರದ ಕೈಯಲ್ಲಿದೆ. ಅಂದರೆ ನಮ್ಮ ಹೊಳೆ, ಕೆರೆಗಳ ಮೀನಿನ ಕಾನೂನು ಬರುವುದು ಬೆಂಗಳೂರಿನಿಂದ, ದೆಹಲಿಯಿಂದ ಅಲ್ಲ. ಕಡಲಿಗೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ. ನಮಗೆ ಅನ್ವಯಿಸುವುದು ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ. ಸಂರಕ್ಷಣೆ, ಅಭಿವೃದ್ಧಿ, ನಿಯಂತ್ರಣ ಅಂತ ಮೂರು ಮಾತು ಅದರ ಹೆಸರಲ್ಲೇ ಇವೆ. ಹೆಸರಿನ ತುದಿಗೆ 1996 ಅಂತ ಇದೆ, ಆದರೆ ಅದು 2003ರ ಕರ್ನಾಟಕ ಅಧಿನಿಯಮ 27. ಮಸೂದೆ ಬರೆದದ್ದಕ್ಕೂ ಅದು ಕಾಯ್ದೆ ಆದದ್ದಕ್ಕೂ ನಡುವೆ ಏಳು ವರ್ಷ! ಕಚೇರಿಯಲ್ಲಿ ಒಬ್ಬರು 1996 ಅಂತ, ಇನ್ನೊಬ್ಬರು 2003 ಅಂತ ಹೇಳಿದರೆ ಗಾಬರಿಯಾಗಬೇಡಿ. ಇಬ್ಬರೂ ಒಂದೇ ಕಾಯ್ದೆಯ ಮಾತಾಡುತ್ತಿದ್ದಾರೆ.

ರಾಜ್ಯದ ಕಾನೂನು ರಾಜ್ಯದ ಗಡಿಯಲ್ಲಿ ಮುಗಿಯುತ್ತದೆ. ಇದು ಬೀದರಿನವರಿಗೆ ಬಹಳ ಮುಖ್ಯ. ಮಾಂಜ್ರಾ ಹೊಳೆ ಮಹಾರಾಷ್ಟ್ರದಿಂದ ಬಂದು, ಬೀದರ್ ಜಿಲ್ಲೆ ದಾಟಿ ತೆಲಂಗಾಣಕ್ಕೆ ಹೋಗುತ್ತದೆ. ಮೀನಿಗೆ ಗಡಿ ಗೊತ್ತಿಲ್ಲ, ಆದರೆ ಲೈಸೆನ್ಸಿಗೆ ಗೊತ್ತು. ಕರ್ನಾಟಕದ ಪರವಾನಗಿ ಇಟ್ಟುಕೊಂಡು ಗಡಿಯಾಚೆ ಬಲೆ ಬಿಟ್ಟರೆ, ಅಲ್ಲಿಯವರ ಕಣ್ಣಿಗೆ ನೀವು ಲೈಸೆನ್ಸೇ ಇಲ್ಲದವರು.

ಹೊಳೆ, ಡ್ಯಾಮು, ಕೆರೆ

ಈಗ ಒಂದೊಂದೇ ನೀರಿಗೆ ಇಳಿಯೋಣ.

ಹರಿಯುವ ಹೊಳೆ ಮೊದಲು. ಅಫಜಲಪುರ, ಜೇವರ್ಗಿ, ಚಿತ್ತಾಪುರದ ಕಡೆ ಭೀಮಾ. ಹುಣಸಗಿ, ಸುರಪುರ, ಶಹಾಪುರ, ವಡಗೇರಾದ ಕಡೆ ಕೃಷ್ಣಾ. ಇಲ್ಲಿ ಮೀನು ಯಾರೊಬ್ಬರದ್ದೂ ಅಲ್ಲ. ಹಿಡಿಯುವವರಿಗೆ ಇಲಾಖೆ ಪರವಾನಗಿ ಕೊಡುತ್ತದೆ. ಅದು ವ್ಯಕ್ತಿಯ ಹೆಸರಿನ ಕಾಗದ. ಅದಕ್ಕೆ ಅವಧಿ ಇದೆ, ಶುಲ್ಕ ಇದೆ, ಷರತ್ತು ಇದೆ. ಅಪ್ಪ ತೀರಿಕೊಂಡ ಮೇಲೂ ಅಪ್ಪನ ಹೆಸರಿನ ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡು ಹೊಳೆಗೆ ಹೋಗುವ ಮಕ್ಕಳನ್ನು ನಾನು ನೋಡಿದ್ದೇನೆ. ಹೊಲದ ಪಹಣಿ ಹಾಗೆ ಮಗನ ಹೆಸರಿಗೆ ಬರಬಹುದು, ಮೀನಿನ ಲೈಸೆನ್ಸ್ ಬರುವುದಿಲ್ಲ. ಹೊಸದಾಗಿ ಮಾಡಿಸಲೇಬೇಕು.

ಆಮೇಲೆ ಜಲಾಶಯ. ಯಾದಗಿರಿ ಜಿಲ್ಲೆಯ ನಾರಾಯಣಪುರದ ಬಸವಸಾಗರ, ಬೀದರಿನ ಕಾರಂಜಾ, ಕಲಬುರಗಿಯ ಬೆಣ್ಣೆತೊರಾ, ಆಳಂದ ಕಡೆಯ ಅಮರ್ಜಾ. ಇಲ್ಲಿ ನೀರು ನೀರಾವರಿಯವರದ್ದು, ಮೀನಿನ ವ್ಯವಹಾರ ಮೀನುಗಾರಿಕೆ ಇಲಾಖೆಯದ್ದು. ಹೀಗೆ ಎರಡು ಇಲಾಖೆ ಒಂದೇ ನೀರಿನ ಮೇಲೆ ಕೂತಿರುವುದರಿಂದ ಗೊಂದಲ ಸಹಜ. ಮೀನಿನ ಲೈಸೆನ್ಸ್ ಕೈಯಲ್ಲಿದ್ದರೂ ಗೇಟಿನ ಹತ್ತಿರ, ಕಟ್ಟೆಯ ಬುಡದಲ್ಲಿ ಹೋಗುವಂತಿಲ್ಲ ಅಂತ ನೀರಾವರಿಯವರು ತಡೆಯಬಹುದು. ಅದು ಮೀನಿನ ಕಾನೂನಲ್ಲ, ಅಣೆಕಟ್ಟೆಯ ಭದ್ರತೆ. 'ನನಗೆ ಲೈಸೆನ್ಸ್ ಇದೆ' ಅಂತ ಅಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

ಮೂರನೆಯದು ಕೆರೆ. ಇಲ್ಲಿ ಆಟವೇ ಬೇರೆ. ಕೆರೆಯ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಡುತ್ತಾರೆ. ಸರ್ಕಾರಿ ಕಾಗದದಲ್ಲಿ ಇದಕ್ಕೆ 'ಮೀನು ಪಾಶುವಾರು ಹಕ್ಕು' ಅಂತ ಹೆಸರು. ಮೊದಲ ಸಲ ಓದಿದಾಗ ನನಗೂ ತಿಳಿಯಲಿಲ್ಲ, ಏನೋ ದನಕರುಗಳ ವಿಷಯ ಅಂದುಕೊಂಡಿದ್ದೆ. ದೊಡ್ಡ ಕೆರೆಗಳು ಮೀನುಗಾರಿಕೆ ಇಲಾಖೆಯ ಮೂಲಕ ಹೋಗುತ್ತವೆ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟು ಇರುವ ಸಣ್ಣ ಕೆರೆಗಳು ಗ್ರಾಮ ಪಂಚಾಯಿತಿಯ ಕೈಯಲ್ಲಿರುತ್ತವೆ. ಹಾಗಾಗಿ ಒಂದೇ ಊರಿನ ಎರಡು ಕೆರೆಗೆ ಎರಡು ಬೇರೆ ಕಚೇರಿಗೆ ಅಲೆಯಬೇಕಾಗಬಹುದು. ಅಚ್ಚುಕಟ್ಟು ಅಂದರೆ ಕೆರೆಯ ಅಗಲವಲ್ಲ, ಕೆರೆ ನೀರು ಉಣಿಸುವ ಹೊಲದ ಲೆಕ್ಕ. ಇದನ್ನು ತಪ್ಪು ತಿಳಿದು ಜಗಳಕ್ಕೆ ಬೀಳುವವರು ಬಹಳ.

ಗುತ್ತಿಗೆಯ ವರ್ಷ ಜನವರಿಯಿಂದಲೂ ಅಲ್ಲ, ಏಪ್ರಿಲಿನಿಂದಲೂ ಅಲ್ಲ. ಸಾಮಾನ್ಯವಾಗಿ ಫಸಲಿ ವರ್ಷದ ಲೆಕ್ಕ, ಜುಲೈ 1ರಿಂದ ಜೂನ್ 30. ಮಳೆ ಬಂದು ಕೆರೆ ತುಂಬುವುದಕ್ಕೂ, ಮರಿ ಬಿಡುವುದಕ್ಕೂ ಇದು ಸರಿಹೊಂದುತ್ತದೆ. ಜೂನ್ ಕೊನೆಯ ವಾರ ಅವಸರದಲ್ಲಿ ಕೆರೆ ಬಳಿದು ಮೀನು ಹಿಡಿಯುವ ದೃಶ್ಯ ನೀವೂ ನೋಡಿರಬಹುದು, ಅದಕ್ಕೆ ಕಾರಣ ಇದೇ. ಜುಲೈ 1 ಬಂತೆಂದರೆ ಹಕ್ಕು ಬೇರೆಯವರಿಗೆ ಹೋಗಬಹುದು.

ಗುತ್ತಿಗೆ ಹಿಡಿದವರಿಗೂ ಒಂದು ಮಾತು. ನಿಮಗೆ ಸಿಕ್ಕಿರುವುದು ಮೀನಿನ ಹಕ್ಕು, ನೀರಿನದ್ದಲ್ಲ. ಮೀನಿಗೆ ನೀರು ಬೇಕು ಅಂತ ತೂಬು ಮುಚ್ಚುವಂತಿಲ್ಲ. ದನ ನೀರು ಕುಡಿಯುವುದನ್ನು ತಡೆಯುವಂತಿಲ್ಲ. ಬರಗಾಲದಲ್ಲಿ ಕೆರೆ ಬತ್ತಿದರೆ ಏನು ಅನ್ನುವುದು ಕರಾರಿನಲ್ಲಿ ಬರೆದಿರುತ್ತದೆ, ಸಹಿ ಹಾಕುವ ಮುಂಚೆ ಆ ಸಾಲನ್ನು ಯಾರ ಹತ್ತಿರವಾದರೂ ಓದಿಸಿ. ನಮ್ಮ ಭಾಗದಲ್ಲಿ ಬರ ಅಪರೂಪದ ಸಂಗತಿ ಅಲ್ಲವಲ್ಲ.

ಇನ್ನೊಂದು ನೀರು ಇದೆ, ಅದನ್ನು ಜನ ಮರೆಯುತ್ತಾರೆ. ಚಿಂಚೋಳಿ ವನ್ಯಜೀವಿ ಧಾಮದೊಳಗಿನ ಚಂದ್ರಂಪಳ್ಳಿ ಜಲಾಶಯ, ಸುರಪುರ ತಾಲೂಕಿನ ಬೋನಾಳ ಪಕ್ಷಿಧಾಮದ ಕೆರೆ. ಇಂತಹ ಕಡೆ ಮೀನುಗಾರಿಕೆ ಇಲಾಖೆಯ ಮಾತಿಗಿಂತ ಅರಣ್ಯ ಇಲಾಖೆಯ ಮಾತು ಮುಂದೆ. ಅವರ ಒಪ್ಪಿಗೆ ಇಲ್ಲದೆ ಕಾಲಿಡಬೇಡಿ.

ಹೊಳೆಗೆ ಯಾಕೆ ಮಳೆಗಾಲದ ತಡೆ?

ಮುತ್ಯಾನ ಪ್ರಶ್ನೆಗೆ ಬರೋಣ. ಎಂಜಿನ್ ಇಲ್ಲದಿದ್ದರೂ ಮಳೆಗಾಲದಲ್ಲಿ ಯಾಕೆ ಬೇಡ?

ಕಾಟ್ಲಾ, ರೋಹು, ಮೃಗಾಲದಂತಹ ಗೆಂಡೆ ಜಾತಿಯ ಮೀನು ನಿಂತ ನೀರಲ್ಲಿ ಮೊಟ್ಟೆ ಇಡುವುದಿಲ್ಲ. ಮುಂಗಾರಿನ ಕೆಂಪು ನೀರು ಹರಿದು ಬರಬೇಕು, ಹೊಳೆ ಏರಬೇಕು. ಆಗ ಅವು ನೀರಿನ ಎದುರು ಈಜಿ ಮೇಲೆ ಹೋಗುತ್ತವೆ, ದಡದ ತೆಳು ನೀರಲ್ಲಿ ಮೊಟ್ಟೆ ಬಿಡುತ್ತವೆ. ಒಂದು ಒಳ್ಳೆಯ ರೋಹು ತನ್ನ ಮೈತೂಕದ ಒಂದು ಕಿಲೋಗೆ ಲಕ್ಷಕ್ಕಿಂತ ಹೆಚ್ಚು ಮೊಟ್ಟೆ ಇಡಬಲ್ಲದು. ಅದರಲ್ಲಿ ಬದುಕಿ ದೊಡ್ಡದಾಗುವುದು ಬೆರಳೆಣಿಕೆ, ಅದು ಬೇರೆ ಮಾತು. ಮುಖ್ಯ ಏನೆಂದರೆ, ಆ ಮೂರ್ನಾಲ್ಕು ವಾರ ಮೀನಿಗೆ ಮೈಮೇಲೆ ಎಚ್ಚರ ಇರುವುದಿಲ್ಲ. ತೆಳು ನೀರಿಗೆ ಗುಂಪಾಗಿ ಬರುತ್ತದೆ. ಹಿಡಿಯುವುದು ಬಹಳ ಸುಲಭ. ಅದಕ್ಕೇ ಆಗ ಹಿಡಿಯಬಾರದು ಅನ್ನುವುದು.

ಈಗ ಕೆರೆಯ ಕಡೆ ನೋಡಿ. ಕೆರೆಯಲ್ಲಿ ಈ ಮೀನು ಮರಿ ಮಾಡುವುದಿಲ್ಲ, ಗುತ್ತಿಗೆದಾರ ಪ್ರತಿ ವರ್ಷ ಮರಿ ತಂದು ಬಿಡಬೇಕು. ಹಿಂದೆ ಆ ಮರಿಯನ್ನೂ ಹೊಳೆಯಿಂದಲೇ ಬಾಚಿ ತರುತ್ತಿದ್ದರು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಗಾರರು ಸೂಜಿಮದ್ದು ಕೊಟ್ಟು ಗೆಂಡೆ ಮೀನು ಮೊಟ್ಟೆ ಇಡುವಂತೆ ಮಾಡಿದರು. ಜುಲೈ 10ನ್ನು ಮೀನು ಕೃಷಿಕರ ದಿನ ಅಂತ ಆಚರಿಸುವುದು ಇದಕ್ಕಾಗಿ. ಇವತ್ತು ನಮ್ಮ ಕೆರೆಗೆ ಬೀಳುವ ಮರಿಗಳೆಲ್ಲ ಆ ವಿದ್ಯೆಯ ಫಲ.

ಹೊಳೆಗೂ ಕೆರೆಗೂ ನಿಯಮ ಯಾಕೆ ಬೇರೆ ಅನ್ನುವುದು ಇಲ್ಲಿ ತಿಳಿಯುತ್ತದೆ. ಕೆರೆಯ ಮೀನು ಒಬ್ಬ ದುಡ್ಡು ಕೊಟ್ಟು ಬಿತ್ತಿದ ಬೆಳೆ, ಅಲ್ಲಿ ಕಾನೂನು ಕಾಯುವುದು ಅವನ ಹಕ್ಕನ್ನು. ಹೊಳೆಯ ಮೀನು ತಾನೇ ಹುಟ್ಟಿದ್ದು, ಅಲ್ಲಿ ಕಾನೂನು ಕಾಯುವುದು ಮೀನಿನ ತಾಯಿಯನ್ನು. ಜಲಾಶಯ ಎರಡರ ನಡುವೆ ನಿಲ್ಲುತ್ತದೆ. ಮರಿಯನ್ನೂ ಬಿಡುತ್ತಾರೆ, ಮೇಲಿನ ಹೊಳೆಯಿಂದ ತಾನಾಗಿಯೂ ಮೀನು ಬರುತ್ತದೆ. ಹಾಗಾಗಿ ಅಲ್ಲಿ ಎರಡೂ ತರದ ಷರತ್ತು.

ನಿಷೇಧದ ತಾರೀಖು ಯಾವುದು? ಇದನ್ನು ಯಾರ ಬಾಯಿಮಾತಿನ ಮೇಲೂ ನಂಬಬೇಡಿ, ನನ್ನದನ್ನೂ ಸೇರಿಸಿ. ಮುಂಗಾರಿನ ತಿಂಗಳುಗಳು ಅನ್ನುವುದು ಸಾಮಾನ್ಯ ಲೆಕ್ಕ. ಸರಿಯಾದ ದಿನ ಆ ವರ್ಷದ ಆದೇಶದಲ್ಲಿ ಮತ್ತು ನಿಮ್ಮ ಲೈಸೆನ್ಸಿನ ಹಿಂಬದಿಯ ಷರತ್ತಿನಲ್ಲಿ ಇರುತ್ತದೆ.

ನಿಯಮ ಬದಲಾಗುವುದು ಎಲ್ಲಿ?

'ದಿನಕ್ಕೊಂದು ಕಾನೂನು ಮಾಡ್ತಾರ' ಅಂತ ಬೈಯುವುದುಂಟು. ನಿಜ ಹೇಳಬೇಕೆಂದರೆ ಕಾಯ್ದೆ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಅದಕ್ಕೆ ವಿಧಾನಮಂಡಲವೇ ಕೂರಬೇಕು. ಬದಲಾಗುವುದು ಅದರ ಕೆಳಗಿನ ಮೆಟ್ಟಿಲುಗಳು.

ಬಾವಿಯ ಮೆಟ್ಟಿಲು ಅಂದುಕೊಳ್ಳಿ. ಮೇಲಿನದು ಕಾಯ್ದೆ. ಅದರ ಕೆಳಗೆ ಕಾಯ್ದೆಯಡಿ ಮಾಡಿದ ನಿಯಮ. ಅದರ ಕೆಳಗೆ ಸರ್ಕಾರದ ಆದೇಶ ಮತ್ತು ಅಧಿಸೂಚನೆ. ಗುತ್ತಿಗೆ ಹೇಗೆ ಕೊಡಬೇಕು, ಸಹಕಾರ ಸಂಘಕ್ಕೆ ಎಷ್ಟು ಆದ್ಯತೆ, ಶುಲ್ಕ ಎಷ್ಟು ಅನ್ನುವುದೆಲ್ಲ ಈ ಮೆಟ್ಟಿಲಿನಲ್ಲಿ ಬದಲಾಗುತ್ತದೆ. ತೀರ ಕೆಳಗೆ, ನೀರಿಗೆ ತಾಗಿದ ಮೆಟ್ಟಿಲಲ್ಲಿ ನಿಮ್ಮ ಲೈಸೆನ್ಸಿನ ಷರತ್ತು. ಪಾಚಿ ಕಟ್ಟುವುದು, ಕಾಲು ಜಾರುವುದು ಈ ಕೊನೆಯ ಮೆಟ್ಟಿಲಲ್ಲೇ. ಹೋದ ವರ್ಷದ ಕಾಗದ ತೋರಿಸಿ 'ಇದರಲ್ಲಿ ಹಿಂಗ ಅದಲ್ರಿ' ಅಂದರೆ ನಡೆಯುವುದಿಲ್ಲ. ಲೈಸೆನ್ಸ್ ಹೊಸದು ಮಾಡಿಸಿದಾಗ ದುಡ್ಡು ಕಟ್ಟಿ ರಸೀದಿ ಮಡಚಿ ಇಟ್ಟುಬಿಡುತ್ತೇವೆ. ಹಿಂಬದಿ ತಿರುಗಿಸಿ ಓದುವವರು ಎಷ್ಟು ಜನ?

ಇವುಗಳ ಜೊತೆಗೆ ಅಡ್ಡದಿಂದ ಬರುವ ಒಂದು ಆದೇಶ ಇದೆ, ಜಿಲ್ಲಾಡಳಿತದ್ದು. ಹೊಳೆಗೆ ಪ್ರವಾಹ ಬಂದಾಗ ನದಿಗೆ ಇಳಿಯಬಾರದು ಅಂತ ಹೊರಡುವ ಆದೇಶ. ಮೊದಲು ಇಂತಹದ್ದಕ್ಕೆ '144' ಅನ್ನುತ್ತಿದ್ದೆವು. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಈಗ ಅದು 163. ನಂಬರ್ ಬದಲಾದರೂ ತೂಕ ಅದೇ. ಈ ಆದೇಶ ಇದ್ದಾಗ ನಿಮ್ಮ ಮೀನಿನ ಲೈಸೆನ್ಸ್ ಕೆಲಸಕ್ಕೆ ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ಪ್ರವಾಹದ ಒಂದು ಮಾತು ಹೇಳಲೇಬೇಕು. ನಮ್ಮ ಹೊಳೆ ಏರುವುದಕ್ಕೆ ನಮ್ಮಲ್ಲಿ ಮಳೆ ಆಗಬೇಕಿಲ್ಲ. ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಭೀಮಾ ಏರುತ್ತದೆ. ಆಲಮಟ್ಟಿ, ನಾರಾಯಣಪುರದ ಗೇಟು ತೆಗೆದರೆ ಕೃಷ್ಣಾ ಏರುತ್ತದೆ. ತಲೆಯ ಮೇಲೆ ಬಿಸಿಲು ಸುಡುತ್ತಿರುವಾಗಲೇ ಕಾಲ ಕೆಳಗೆ ನೀರು ಬಂದಿರುತ್ತದೆ. 2020ರ ಅಕ್ಟೋಬರಿನ ಭೀಮಾ ಪ್ರವಾಹ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಕ್ಟೋಬರ್ ಅಂದರೆ ಮಳೆಗಾಲ ಮುಗಿಯಿತು ಅಂತ ಬಲೆ ತೆಗೆದುಕೊಂಡು ಹೊರಡುವ ತಿಂಗಳು.

ಬಲೆಯ ಕಣ್ಣು

ತಪಾಸಣೆಗೆ ಬಂದವರು ಮೊದಲು ನೋಡುವುದು ಲೈಸೆನ್ಸ್, ಎರಡನೆಯದು ಬಲೆಯ ಕಣ್ಣು. ಕಣ್ಣು ಸಣ್ಣದಾದಷ್ಟೂ ಮರಿ ಮೀನು ಸಿಕ್ಕಿಬೀಳುತ್ತದೆ. ಅದಕ್ಕೆ ಕನಿಷ್ಠ ಅಳತೆ ಅಂತ ಒಂದು ಷರತ್ತು ಇರುತ್ತದೆ.

ಅಳೆಯುವ ರೀತಿಯಲ್ಲೇ ಅರ್ಧ ಜಗಳ. ಬಲೆಯ ಕಣ್ಣು ಚೌಕ. ಚೌಕದ ಒಂದು ಬದಿ ಅಳೆಯುವುದು ಒಂದು ಲೆಕ್ಕ. ಎದುರುಬದುರಿನ ಎರಡು ಗಂಟು ಹಿಡಿದು ಎಳೆದು ಅಳೆಯುವುದು ಇನ್ನೊಂದು ಲೆಕ್ಕ. ಎಳೆದು ಅಳೆದರೆ ಅಂಕೆ ಸುಮಾರು ಎರಡು ಪಟ್ಟು ಬರುತ್ತದೆ. ಅಂಗಡಿಯವ ಒಂದು ಲೆಕ್ಕದಲ್ಲಿ ಹೇಳಿ ಮಾರಿರುತ್ತಾನೆ, ತಪಾಸಣೆಯವರು ಇನ್ನೊಂದು ಲೆಕ್ಕದಲ್ಲಿ ಅಳೆಯುತ್ತಾರೆ. ಬಲೆ ಕೊಳ್ಳುವಾಗ 'ಎಳೆದ ಅಳತೆನಾ, ಬದಿ ಅಳತೆನಾ' ಅಂತ ಕೇಳಿ. ನಿಮ್ಮ ಷರತ್ತಿನಲ್ಲಿ ಯಾವುದು ಬರೆದಿದೆ ಅಂತ ಕಚೇರಿಯಲ್ಲೂ ಕೇಳಿ. ಸಾವಿರಾರು ರೂಪಾಯಿ ಕೊಟ್ಟ ಬಲೆ ಒಂದೇ ಸಲಕ್ಕೆ ಜಪ್ತಿ ಆದ ಮೇಲೆ ಕೇಳಿ ಏನು ಉಪಯೋಗ?

ಸೊಳ್ಳೆ ಪರದೆ ಹೊಲಿದು ಬಲೆ ಮಾಡುವುದಂತೂ ಬೇಡವೇ ಬೇಡ. ಅದರಲ್ಲಿ ಬೆರಳುದ್ದದ ಮರಿಯೂ ತಪ್ಪಿಸಿಕೊಳ್ಳುವುದಿಲ್ಲ. ಒಂದು ಬುಟ್ಟಿ ಮರಿ ನೂರಿನ್ನೂರು ರೂಪಾಯಿಗೆ ಹೋಗುತ್ತದೆ. ಅದೇ ಮರಿ ಒಂದು ವರ್ಷ ನೀರಲ್ಲಿದ್ದರೆ ಎಷ್ಟಾಗುತ್ತಿತ್ತು ಅನ್ನುವ ಲೆಕ್ಕ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಸಿಡಿಮದ್ದು, ವಿಷ, ಕರೆಂಟ್. ಇವು ಹೊಸ ಕಾನೂನಿನ ಮಾತೇ ಅಲ್ಲ. ಇಂಗ್ಲಿಷರ ಕಾಲದ 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಸಿಡಿಮದ್ದಿಗೂ ವಿಷಕ್ಕೂ ತಡೆ ಇತ್ತು. ಆಗಿನ ಶಿಕ್ಷೆ ಎರಡು ತಿಂಗಳವರೆಗೆ ಜೈಲು ಅಥವಾ 200 ರೂಪಾಯಿವರೆಗೆ ದಂಡ. ಅಂದಿನ 200 ರೂಪಾಯಿ ಅಂದರೆ ಸುಮ್ನೆ ಅಲ್ಲ. ಇವತ್ತು ಸಿಡಿಮದ್ದು ಹಿಡಿದು ಸಿಕ್ಕಿಬಿದ್ದರೆ ಮೀನಿನ ಕಾಯ್ದೆ ಸಣ್ಣ ಮಾತಾಗುತ್ತದೆ, ಸ್ಫೋಟಕದ ಕೇಸು ಮುಂದೆ ಬರುತ್ತದೆ. ತಂತಿಗೆ ಕೊಕ್ಕೆ ಹಾಕಿ ನೀರಿಗೆ ಕರೆಂಟ್ ಬಿಟ್ಟರೆ ವಿದ್ಯುತ್ ಕಳವಿನ ಕೇಸು ಬೇರೆ. ಪ್ರಾಣ ಹೋಗುವ ಮಾತು ಇದ್ದೇ ಇದೆ.

ಬಲೆಗೆ ಆಮೆ ಬಿದ್ದರೆ

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಒಳ್ಳೆಯ ಮನುಷ್ಯರೂ ಗೊತ್ತಿಲ್ಲದೆ ಸಿಕ್ಕಿಬೀಳುವುದು ಇಲ್ಲಿಯೇ.

ಕೃಷ್ಣಾ, ಭೀಮಾ ನೀರಲ್ಲಿ ಮೊಸಳೆ ಇವೆ, ಮೆತ್ತನೆ ಚಿಪ್ಪಿನ ಆಮೆ ಇವೆ. ಕೃಷ್ಣೆಯಲ್ಲಿ ನೀರುನಾಯಿಯೂ ಇದೆ. ಇವು ಮೀನಿನ ಕಾಯ್ದೆಗೆ ಬರುವುದಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಬರುತ್ತವೆ. ಆ ಕಾಯ್ದೆಗೆ 2022ರಲ್ಲಿ ದೊಡ್ಡ ತಿದ್ದುಪಡಿ ಆಯಿತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮೊದಲು ಆರು ಅನುಸೂಚಿ ಇದ್ದವು, ಈಗ ನಾಲ್ಕು. ಪ್ರಾಣಿಗಳನ್ನು ಹೊಸದಾಗಿ ಜೋಡಿಸಿದರು. ಹಿಂದೆ ಕೆಳಗಿನ ಪಟ್ಟಿಯಲ್ಲಿದ್ದ ಕೆಲವು ಮೇಲೆ ಹೋದವು, ಅಂದರೆ ಅವುಗಳ ಮೇಲಿನ ತಪ್ಪಿಗೆ ಶಿಕ್ಷೆ ಭಾರವಾಯಿತು. 'ನಮ್ಮ ಅಜ್ಜನ ಕಾಲ್ದಿಂದ ಆಮಿ ತಿಂತೀವ್ರಿ' ಅನ್ನುವ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಆಮೆ ತಾನಾಗಿ ಬಲೆಗೆ ಬಿದ್ದರೆ ಏನು ಮಾಡಬೇಕು? ಬದುಕಿದ್ದರೆ ಅಲ್ಲೇ ಬಿಡಿಸಿ ನೀರಿಗೆ ಬಿಡಿ. ಬಲೆ ಕತ್ತರಿಸಬೇಕಾದರೆ ಕತ್ತರಿಸಿ. ಮನೆಗೆ ತರಬೇಡಿ, ಕೊಳ್ಳುವವರು ಇದ್ದಾರೆ ಅಂತ ಯಾರಾದರೂ ಹೇಳಿದರೆ ಆ ಕಡೆ ಹೋಗಬೇಡಿ. ಫೋಟೋ ತೆಗೆದು ಸ್ಟೇಟಸ್ ಹಾಕುವುದೂ ಬೇಡ. ಕೈಯಲ್ಲಿ ಆಮೆ ಹಿಡಿದು ನಗುವ ಫೋಟೋ ನಿಮ್ಮ ಮೇಲಿನ ಮೊದಲ ಸಾಕ್ಷಿ ಆಗುತ್ತದೆ. ಮೊಸಳೆ ಸಿಕ್ಕಿಬಿದ್ದರೆ ನೀವು ಹತ್ತಿರ ಹೋಗಬೇಡಿ, ಅರಣ್ಯ ಇಲಾಖೆಗೆ ಹೇಳಿ. ಮೊಸಳೆ ಬಲೆ ಹರಿದರೆ ಸಿಟ್ಟು ಬರುವುದು ಸಹಜ. ಆ ಸಿಟ್ಟಿನಲ್ಲಿ ಕೊಡಲಿ ಎತ್ತಿದರೆ ಹೋಗುವುದು ಬಲೆಯಷ್ಟೇ ಅಲ್ಲ.

ಕೆರೆ ಸಾಕಣೆಯವರಿಗೆ ಇನ್ನೊಂದು ಪ್ರಾಣಿಯ ಎಚ್ಚರಿಕೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೆ ನಿಷೇಧವಿದೆ. ಕೋಳಿ ಅಂಗಡಿಯ ಕಸ ತಿಂದು ಬೇಗ ಬೆಳೆಯುತ್ತದೆ, ಲಾಭ ಜಾಸ್ತಿ ಅಂತ ಗುಟ್ಟಾಗಿ ಸಾಕುವವರು ಇದ್ದಾರೆ. ಒಂದು ಮಳೆಗೆ ಹೊಂಡ ತುಂಬಿ ಹರಿದರೆ ಅದು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಅಲ್ಲಿ ಸಿಕ್ಕ ಮೀನನ್ನೆಲ್ಲ ನುಂಗುತ್ತದೆ. ಒಬ್ಬನ ಹೊಂಡದ ಲಾಭಕ್ಕೆ ಹತ್ತು ಊರಿನ ಹರಿಗೋಲು ಖಾಲಿ ಬರಬೇಕೇ?

ಕಾಗದ ಇದ್ದರೆ ಸಿಗುವುದು

ನಿಯಮ ಅಂದರೆ ಬರೀ ಬೇಡ, ಬೇಡ ಅಲ್ಲ. ಹೆಸರು ದಾಖಲಾದವರಿಗೆ ಸಿಗುವುದೂ ಇದೆ. ಇತ್ತೀಚಿನ ವರ್ಷಗಳಲ್ಲಿ ಜಾಸ್ತಿ ಬದಲಾವಣೆ ಆಗಿದ್ದು ಈ ಕಡೆಯೇ.

2020ರಲ್ಲಿ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆ ಶುರುವಾಯಿತು. ಅದರಲ್ಲಿ ಮೀನುಗಾರರಿಗೆ ಗುಂಪು ಅಪಘಾತ ವಿಮೆ ಇದೆ. ವಯಸ್ಸು 18ರಿಂದ 70. ಅಪಘಾತದಲ್ಲಿ ತೀರಿಕೊಂಡರೆ ಅಥವಾ ಪೂರ್ತಿ ಅಂಗವಿಕಲರಾದರೆ 5 ಲಕ್ಷ ರೂಪಾಯಿ. ಭಾಗಶಃ ಶಾಶ್ವತ ಊನವಾದರೆ 2.5 ಲಕ್ಷ. ಅಪಘಾತವಾಗಿ ಆಸ್ಪತ್ರೆ ಸೇರಿದರೆ 25,000ದವರೆಗೆ. ಕಂತು ಸರ್ಕಾರಗಳೇ ಕಟ್ಟುತ್ತವೆ. ಮೀನುಗಾರ ಒಂದು ರೂಪಾಯಿಯೂ ಕೊಡಬೇಕಿಲ್ಲ. ಆದರೆ ಹೆಸರು ಪಟ್ಟಿಯಲ್ಲಿ ಇರಬೇಕು. ಹರಿಗೋಲು ಮಗುಚಿ ಮನೆಯ ಯಜಮಾನ ಹೋದ ಮೇಲೆ ಪಟ್ಟಿಯಲ್ಲಿ ಹೆಸರು ಹುಡುಕಿದರೆ ಬರುವುದಿಲ್ಲ. ಹೆಸರಿದ್ದರೂ ಪೊಲೀಸ್ ದೂರು, ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ ವಿಮೆಯವರು ಒಪ್ಪುವುದು ಕಷ್ಟ. ದುಃಖದಲ್ಲಿ ನಾವು ಅವಸರವಾಗಿ ಮಣ್ಣು ಮಾಡಿಬಿಡುತ್ತೇವೆ. ಹೇಳುವುದಕ್ಕೆ ಕಠಿಣ, ಆದರೂ ಹೇಳುತ್ತೇನೆ: ನೀರಲ್ಲಿ ಆದ ಸಾವನ್ನು ಮೊದಲು ಠಾಣೆಗೆ ತಿಳಿಸಿ.

ಅದೇ ಯೋಜನೆಯಲ್ಲಿ ಹಿಂದುಳಿದ ಸಾಂಪ್ರದಾಯಿಕ ಮೀನುಗಾರರಿಗೆ ನಿಷೇಧದ ಅಥವಾ ಮೀನು ಸಿಗದ ಮೂರು ತಿಂಗಳಿಗೆ ಒಂದು ನೆರವೂ ಇದೆ. ಮೀನುಗಾರ 1,500 ರೂಪಾಯಿ ಕಟ್ಟಬೇಕು, ಸರ್ಕಾರದ ಕಡೆಯಿಂದ 3,000 ಸೇರುತ್ತದೆ. ಒಟ್ಟು 4,500, ತಿಂಗಳಿಗೆ 1,500ರಂತೆ ಮೂರು ತಿಂಗಳು. ಇವತ್ತಿನ ದರದಲ್ಲಿ ತಿಂಗಳಿಗೆ 1,500 ರೂಪಾಯಿಗೆ ಒಂದು ಮನೆ ನಡೆಯುತ್ತದೆಯೇ? ಇಲ್ಲ. ನಿಷೇಧ ಪಾಲಿಸಿ ಅನ್ನುವವರು ಈ ಅಂಕೆಯನ್ನೂ ಒಮ್ಮೆ ನೋಡಬೇಕು ಅನ್ನುವುದು ನನ್ನ ಮಾತು. ಆದರೂ ಇರುವುದನ್ನು ಬಿಡುವುದೇಕೆ? ಈ ವರ್ಷ ನಿಮ್ಮ ತಾಲೂಕಿಗೆ ಇದು ಬಂದಿದೆಯೇ ಅಂತ ಕೇಳಿ.

2024ರ ಸೆಪ್ಟೆಂಬರಿನಿಂದ ಇನ್ನೊಂದು ಸೇರಿದೆ, ರಾಷ್ಟ್ರೀಯ ಮೀನುಗಾರಿಕೆ ಡಿಜಿಟಲ್ ವೇದಿಕೆ. ಮೀನು ಹಿಡಿಯುವವರು, ಸಾಕುವವರು, ಮಾರುವವರು, ಸಂಘಗಳು ಎಲ್ಲರೂ ಆಧಾರ್ ಮೂಲಕ ಇದರಲ್ಲಿ ಹೆಸರು ನೋಂದಾಯಿಸಬೇಕು ಅನ್ನುವುದು ಉದ್ದೇಶ. ಮುಂದಿನ ಸಹಾಯಧನ, ಸಾಲ, ವಿಮೆಗೆ ಇದೇ ಬಾಗಿಲು ಆಗುವ ಲಕ್ಷಣ ಕಾಣುತ್ತಿದೆ. ಇದಕ್ಕೂ ಹೊಳೆಯ ಲೈಸೆನ್ಸಿಗೂ ಸಂಬಂಧವಿಲ್ಲ. 'ಆನ್‌ಲೈನ್ ಮಾಡಿಸೇವ್ರಿ, ಇನ್ನ ಲೈಸೆನ್ಸ್ ಯಾಕ?' ಅಂತ ಒಬ್ಬ ಅಣ್ಣ ಕೇಳಿದ್ದರು. ಡಿಜಿಟಲ್ ನೋಂದಣಿ ನೀವು ಮೀನುಗಾರರು ಅಂತ ಹೇಳುತ್ತದೆ. ಲೈಸೆನ್ಸ್ ಈ ನೀರಲ್ಲಿ ಮೀನು ಹಿಡಿಯಬಹುದು ಅಂತ ಹೇಳುತ್ತದೆ. ಎರಡೂ ಬೇಕು.

ದಡದಿಂದ ಮೀನು ಮಾರುವ ಅಕ್ಕಂದಿರಿಗೂ ಇದರಲ್ಲಿ ಜಾಗವಿದೆ. ಹೆಚ್ಚಿನ ಮನೆಗಳಲ್ಲಿ ಗಂಡಸರ ಹೆಸರು ಮಾತ್ರ ಬರೆಸುತ್ತಾರೆ. ಮಾರುವವರ ಹೆಸರನ್ನೂ ಬೇರೆಯಾಗಿ ಬರೆಸಿ. ಕಿಸಾನ್ ಕ್ರೆಡಿಟ್ ಕಾರ್ಡ್ ಹೊಲದವರಿಗೆ ಮಾತ್ರ ಅಂತ ಇನ್ನೂ ನಂಬಿರುವವರು ಬಹಳ. 2018-19ರಿಂದ ಮೀನಿನ ಕಸುಬಿಗೂ ಅದು ಸಿಗುತ್ತದೆ.

ಎಲ್ಲಿ ಕೇಳಬೇಕು ಅನ್ನುವುದು ಉಳಿಯಿತು. ತಾಲೂಕಿನಲ್ಲಿ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿ, ಜಿಲ್ಲೆಯಲ್ಲಿ ಉಪ ನಿರ್ದೇಶಕರ ಕಚೇರಿ. ಸಣ್ಣ ಕೆರೆಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲೇ ಉತ್ತರ ಬರುತ್ತದೆ, ನಾಳೆ ಅದು ಯಾರಿಗೂ ನೆನಪಿರುವುದಿಲ್ಲ. ಒಂದು ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅದಕ್ಕೂ ಉತ್ತರ ಇಲ್ಲವಾದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. 'ಈ ಸಾಲಿನ ಲೈಸೆನ್ಸ್ ಷರತ್ತು, ನಿಷೇಧದ ದಿನಾಂಕ, ಬಲೆ ಕಣ್ಣಿನ ಕನಿಷ್ಠ ಅಳತೆ ಮತ್ತು ಅಳೆಯುವ ವಿಧಾನ, ಇವುಗಳ ಆದೇಶದ ಪ್ರತಿ ಕೊಡಿ' ಅಂತ ಒಂದೇ ಸಾಲು ಬರೆದರೆ ಸಾಕು. ಸಂಘ ಇದ್ದರೆ ಸಂಘದ ಒಬ್ಬರು ಹಾಕಲಿ, ಪ್ರತಿಯನ್ನು ಎಲ್ಲರೂ ಜೆರಾಕ್ಸ್ ಮಾಡಿಸಿಕೊಳ್ಳಲಿ.

ಅಫಜಲಪುರದ ಮುತ್ಯಾ ಅವತ್ತು ಡಾಂಬರು ಕೈ ಒರೆಸಿಕೊಂಡು ಗುಡಿಸಲೊಳಗೆ ಹೋಗಿ ಲೈಸೆನ್ಸ್ ತಂದರು. ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಮಡಿಕೆ. ಹಿಂಬದಿ ತಿರುಗಿಸಿದರೆ ಸಣ್ಣ ಅಕ್ಷರದಲ್ಲಿ ಷರತ್ತು, ನೀರು ತಾಗಿ ಅರ್ಧ ಅಳಿಸಿತ್ತು. ಅವಧಿ ಮುಗಿಯುವ ತಾರೀಖು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಇನ್ನು ಮೂವತ್ತು ದಿನ ಇತ್ತು. "ಹೊಸಾದು ಮಾಡಸ್ವಾಗ ಈ ಸಲ ಹಿಂದಿಂದು ಓದಿ ಹೇಳು ಅಂತೀನಿ ಆ ಹುಡುಗ್ಗ" ಅಂದರು. ಮೊಬೈಲ್ ಜೇಬಿಗೆ ಹಾಕಿ ಮತ್ತೆ ಡಾಂಬರಿನ ಡಬ್ಬಿ ಎತ್ತಿಕೊಂಡರು.